ಮೂಡಲಪಾಳ್ಯದಲ್ಲಿ ಕರೆಂಟ್ ಹೋದ ಮಧ್ಯಾಹ್ನ

ನಾನು ನಿಂತಿದ್ದದ್ದು ಬಸವೇಶ್ವರನಗರದ ಒಂದು ಮನೆಯ ಮಹಡಿ ಕೋಣೆಯಲ್ಲಿ, ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ. ಎಡಕ್ಕೆ ಕಬ್ಬಿಣದ ಬೀರು, ಬಲಕ್ಕೆ ಬಾಗಿಲು. ಎರಡು ಸಾವಿರದ ಒಂಬತ್ತನೇ ಇಸವಿ, ಏಪ್ರಿಲ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ತಾರೀಖು ನೆನಪಿಲ್ಲ, ನೆನಪಿಲ್ಲದ್ದನ್ನು ಸೇರಿಸಿ ಹೇಳುವುದಿಲ್ಲ. ನಾನು ನಿಂತಲ್ಲಿಂದ ಎರಡು ಕಂಪ್ಯೂಟರುಗಳ ಪರದೆ ಪೂರ್ತಿ ಕಾಣುತ್ತಿತ್ತು, ಮೂರನೆಯದರದು ಅರ್ಧ. ಮೂರನೆಯದರ ಮುಂದಿನ ಕುರ್ಚಿ ಖಾಲಿ ಇತ್ತು.

ಆ ಮನೆಯ ಕೆಳಗಿನ ಭಾಗದಲ್ಲಿ ನಾನು ಬಾಡಿಗೆಗಿದ್ದೆ. ಮನೆಯವರು ಮೇಲೆ. ಇಂಟರ್ನೆಟ್ಟು ಅವರದು, ಅವರ ಕಿಟಕಿಯಿಂದ ನನ್ನ ಕಿಟಕಿಗೆ ಒಂದು ವೈರು ಇಳಿಬಿಟ್ಟಿದ್ದರು. ಅಂದು ಊಟ ಮುಗಿಸಿ ಕೂತರೆ ನೆಟ್ ಇಲ್ಲ. ಕೇಳೋಣವೆಂದು ಮೇಲೆ ಹೋದೆ. ಹೋಗಿ ನೋಡಿದರೆ ನನ್ನ ವೈರಿನ ತುದಿ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಅಣ್ಣ, ಅರ್ಧ ಗಂಟೆ ಅಷ್ಟೇ. ಸ್ಪೀಡ್ ಬೇಕು ನಮಗೆ," ಅಂದ ಮನೆಯ ಮಗ, ತಿರುಗಿ ನೋಡದೆ. "ಬೇಕಿದ್ರೆ ನಿಂತ್ಕೊಂಡು ನೋಡಿ. ಇವತ್ತು ಮಜಾ ಇದೆ."

ಕೋಣೆಯಲ್ಲಿ ಮೂವರಿದ್ದರು. ಮನೆಯ ಮಗ, ಇಂಜಿನಿಯರಿಂಗ್ ಓದುತ್ತಿದ್ದವನು, ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ. ನಡುವಿನದರ ಮುಂದೆ ಅವನ ತಂಗಿ. ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಳು. ಮಂಚದ ಮೇಲೆ ಅವನ ಗೆಳೆಯ ದಿಂಬಿಗೊರಗಿ ಕೂತು ಕೋಡುಬಳೆ ತಿನ್ನುತ್ತಿದ್ದ. ಇಷ್ಟೇ ಜನ. ಇವರೆಲ್ಲ ಒಂದು ಬಾಹ್ಯಾಕಾಶದ ಆಟ ಆಡುತ್ತಿದ್ದರು. ನಾನೂ ಸಂಜೆ ಹೊತ್ತು ಅಲ್ಪಸ್ವಲ್ಪ ಆಡುತ್ತಿದ್ದೆ, ಹಾಗಾಗಿ ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದು ನನಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಆ ಆಟದಲ್ಲಿ ಸಾವಿರಾರು ನಕ್ಷತ್ರ ಮಂಡಲಗಳಿವೆ. ಒಂದೊಂದಕ್ಕೂ ಒಬ್ಬ ಸೂರ್ಯ, ಕೆಲವು ಗ್ರಹ, ಉಳಿದದ್ದೆಲ್ಲ ಕತ್ತಲು. ಕತ್ತಲಲ್ಲಿ ನಕ್ಷೆಗೆ ಕಾಣದ ವಸ್ತುಗಳು ಇರುತ್ತವೆ: ಒಡೆದ ಹಡಗು, ಬೆಲೆಬಾಳುವ ಅನಿಲ, ಇನ್ನೊಂದು ಗುಪ್ತ ಮಂಡಲಕ್ಕೆ ಹೋಗುವ ಬಾಯಿ. ಅವನ್ನು ಹುಡುಕಲು ಹಡಗಿನಿಂದ ಸಣ್ಣ ಸಣ್ಣ ಯಂತ್ರಗಳನ್ನು ಹಾರಿಬಿಡಬೇಕು. ಪ್ರೋಬ್ ಅನ್ನುತ್ತಿದ್ದರು. ಬೆಳಗಿನ ಹೊತ್ತು ನಮ್ಮ ಓಣಿಯಲ್ಲಿ ಕುಕ್ಕರ್ ಕೂಗಿದರೆ, ಒಂದು ಮನೆಯವರಿಗೆ ಅದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ನಾಲ್ಕು ಮನೆಯವರು 'ಹತ್ತಿರ ಕೇಳಿತು', 'ದೂರ ಕೇಳಿತು' ಎಂದು ಹೇಳಿದರೆ ಯಾರ ಅಡುಗೆಮನೆ ಎಂಬುದು ಸಿಕ್ಕಿಬಿಡುತ್ತದೆ. ಪ್ರೋಬುಗಳ ಕೆಲಸವೂ ಅಷ್ಟೇ. ಅವನ್ನು ಕತ್ತಲಲ್ಲಿ ಸುತ್ತ ಇಟ್ಟು ಸ್ಕ್ಯಾನ್ ಒತ್ತಿದರೆ ಮೊದಲು ಕೆಂಪು ಚುಕ್ಕೆ ಬರುತ್ತದೆ, ಅಂದರೆ ಅಲ್ಲೆಲ್ಲೋ ಏನೋ ಇದೆ. ಪ್ರೋಬುಗಳನ್ನು ಹತ್ತಿರ ತಂದು ಮತ್ತೆ ಒತ್ತಬೇಕು. ಹಳದಿ. ಇನ್ನೂ ಹತ್ತಿರ. ಹಸಿರಾದರೆ ಜಾಗ ಸಿಕ್ಕಿತು, ನೇರ ಅಲ್ಲಿಗೆ ಹಾರಬಹುದು.

ಈ ಕೆಲಸಕ್ಕೆ ತಾಳ್ಮೆ ಬೇಕು. ಮನೆಯ ಮಗನಿಗೆ ಅದು ಇರಲಿಲ್ಲ. ಅವರ ಗುಂಪಿಗೆ ಸ್ಕ್ಯಾನ್ ಮಾಡಿಕೊಡುತ್ತಿದ್ದವನು ಬಾಗಲಕೋಟೆ ಕಡೆಯ ಒಬ್ಬ ಯುವಕ. ಮೂಡಲಪಾಳ್ಯದಲ್ಲಿ ಪಿಜಿಯಲ್ಲಿದ್ದ, ಕೊರಿಯರ್ ಹಂಚುತ್ತಿದ್ದ. ಶನಿವಾರ ಮಧ್ಯಾಹ್ನ ಅವನಿಗೆ ಬಿಡುವು. ಅಲ್ಲೇ ಒಂದು ಸೈಬರ್ ಸೆಂಟರಿನಲ್ಲಿ ಕೂತು ಆಡುತ್ತಿದ್ದ. ಇವರು ಅವನನ್ನು 'ರೊಟ್ಟಿ' ಎಂದು ಕರೆಯುತ್ತಿದ್ದರು, ಅವನ ಮುಂದೆಯೂ. ನಾನು ಅವನನ್ನು ಬಾಗಲಕೋಟೆಯವನು ಎನ್ನುತ್ತೇನೆ.

ನನಗೂ ಅವನ ಪರಿಚಯವಿತ್ತು. ಒಂದು ಸಲ ನನ್ನ ಹೆಸರಿಗೆ ಬಂದ ಕೊರಿಯರ್ ಕೊಡಲು ಬಂದವನು, ಗೇಟಿನ ಹೊರಗೇ ನಿಂತು ಮಹಡಿಯ ಕಿಟಕಿಯನ್ನು ನೋಡಿ, "ಅಲ್ಲೇ ಅಲ್ರೀ ಅಣ್ಣಾರ ಕಂಪ್ಯೂಟರ್ ಇರೂದು?" ಎಂದು ಕೇಳಿದ್ದ. ಹೌದೆಂದೆ. ಅವನು ಹೇಳಿದ ಮಾತು ನನಗೆ ನೆನಪಿದೆ: "ಬೆಂಗಳೂರಿಗೆ ಬಂದು ವರ್ಷ ಆಗಾಕ ಬಂತ್ರಿ. ದಿನಾ ಎಷ್ಟೋ ಮನಿಗೆ ಹೋಗ್ತೀನಿ. ಎಲ್ಲಾ ಕಡೆ ಬಾಗಿಲದಾಗ ಸೈನು, ಬಾಗಿಲದಾಗಿಂದನ ವಾಪಸ್. ಒಂದು ಮನಿಯೊಳಗ ಕುಂತಿಲ್ರೀ ಇನ್ನೂ."

ಮೂರನೆಯ ಕುರ್ಚಿಯನ್ನು ಅವನಿಗೆ ಕೊಡುವುದಾಗಿ ಮನೆಯ ಮಗ ಮಾತು ಕೊಟ್ಟಿದ್ದ. ಮೊದಲು ಅಲ್ಲಿ ಕೂರುತ್ತಿದ್ದ ಹುಡುಗನನ್ನು ಅವರಪ್ಪ ಆಟ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಒಂದು ಒಳ್ಳೆಯ ಗುಪ್ತ ಮಂಡಲ ಹುಡುಕಿ, ಅದರ ಬಾಯಿ ಮುಚ್ಚಿ ಬೇರೆ ಕಡೆ ತೆರೆದಾಗಲೆಲ್ಲ ಮತ್ತೆ ಹುಡುಕಿ, ಒಂದು ತಿಂಗಳು ಕಾದುಕೊಟ್ಟರೆ ಶನಿವಾರ ಭಾನುವಾರ ತಮ್ಮ ಮನೆಗೇ ಬಂದು ಆ ಕುರ್ಚಿಯಲ್ಲಿ ಕೂತು ಆಡಬಹುದು ಎಂದು ಹೇಳಿದ್ದ. ಬಾಗಲಕೋಟೆಯವನು ಹುಡುಕಿದ. ಕಾದ. ಅಲ್ಲಿ ಸಿಕ್ಕಿದ್ದನ್ನೆಲ್ಲ ತನ್ನ ಹಡಗಿನ ಹೊಟ್ಟೆಯಲ್ಲಿ ಗುಂಪಿಗಾಗಿ ಕೂಡಿಸಿಟ್ಟ. ಆ ಶನಿವಾರಕ್ಕೆ ತಿಂಗಳು ಮುಗಿಯುತ್ತಿತ್ತು.

ಈಗ ಮಿಸ್ಡ್ ಕಾಲಿನ ವಿಷಯ ಹೇಳಬೇಕು. ಆ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಇತ್ತು. ಯಾವ ಬಡಾವಣೆಗೆ ಯಾವ ಹೊತ್ತಿಗೆ ಕರೆಂಟ್ ಇರುವುದಿಲ್ಲ ಎಂದು ಪೇಪರಿನಲ್ಲಿ ಬರುತ್ತಿತ್ತು. ಮೂಡಲಪಾಳ್ಯದ ಸರದಿ ಒಂದು ಹೊತ್ತು, ನಮ್ಮದು ಬೇರೆ ಹೊತ್ತು. ಸೈಬರ್ ಸೆಂಟರಿನವನು ಕರೆಂಟ್ ಹೋದ ತಕ್ಷಣ ಯುಪಿಎಸ್ಸನ್ನು ಪ್ರಿಂಟ್ ಹಾಕಿಸುವವರಿಗೆ ಉಳಿಸಿಕೊಂಡು, ಆಟದವರ ಕಂಪ್ಯೂಟರುಗಳನ್ನು ಆರಿಸಿಬಿಡುತ್ತಿದ್ದ. ಆಟದಿಂದ ಸರಿಯಾಗಿ ಹೊರಬರಲು ಸಮಯ ಸಿಗುತ್ತಿರಲಿಲ್ಲ. ಹಾಗೆ ಕಡಿದುಹೋದವನ ಹಡಗು ತಕ್ಷಣ ಮಾಯವಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಕತ್ತಲಲ್ಲಿ ಹಾಗೇ ನಿಂತಿರುತ್ತದೆ, ನಡೆಸುವವನಿಲ್ಲದೆ. ಆ ಹೊತ್ತಿನಲ್ಲಿ ಯಾರಾದರೂ ಸ್ಕ್ಯಾನ್ ಮಾಡಿ ಹುಡುಕಿದರೆ ಮುಗಿಯಿತು. ಅದಕ್ಕೇ ಅವರಲ್ಲಿ ಒಂದು ಪದ್ಧತಿ ಬೆಳೆದಿತ್ತು: ಕರೆಂಟ್ ಹೋದವನು ಮನೆಯ ಮಗನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡುವುದು. ಅಂದರೆ, ನನ್ನ ಹಡಗು ಒಂಟಿಯಾಗಿದೆ, ನೋಡಿಕೊಳ್ಳಿ. ಕರೆಂಟ್ ಇರುವ ಕಡೆಯವರು ಹೋಗಿ ಕಾವಲು ನಿಲ್ಲಬೇಕು. ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಬಾಗಲಕೋಟೆಯವನು ಒಂದು ದಿನವೂ ತಪ್ಪಿಸಿದವನಲ್ಲ, ಕೊಡುವುದರಲ್ಲೂ, ಕಾಯುವುದರಲ್ಲೂ.

ಮೊಬೈಲು ಮೇಜಿನ ಮೇಲಿತ್ತು. ಅದು ಒಂದು ಸಲ ನಡುಗಿ ನಿಂತಿತು.

"ಬಂತು ಬಂತು!" ಅಂದ ಗೆಳೆಯ, ಕೋಡುಬಳೆಯ ತಟ್ಟೆ ಪಕ್ಕಕ್ಕಿಟ್ಟು. "ರೊಟ್ಟಿ ಮಿಸ್ಡ್ ಕಾಲ್ ಕೊಟ್ಟ. ಶುರು ಮಾಡ್ರೋ."

ಮನೆಯ ಮಗ ಆಟದೊಳಗೆ ಇನ್ನೊಂದು ಹೆಸರಿನಲ್ಲಿ ಹೋದ. ಆ ಹೆಸರನ್ನು ನಾನು ಮೊದಲು ನೋಡಿರಲಿಲ್ಲ; ಅದು ಗುಂಪಿನದಲ್ಲ. ದೊಡ್ಡ ಯುದ್ಧದ ಹಡಗು. ತಂಗಿಗೂ ಅಂಥದೇ ಬೇರೊಂದು ಹೆಸರು, ಪ್ರೋಬ್ ಹಾರಿಸುವ ಸಣ್ಣ ಹಡಗು. ಇಬ್ಬರ ಹಡಗೂ ಆಗಲೇ ಆ ಗುಪ್ತ ಮಂಡಲದ ಒಳಗಿದ್ದವು. ಒಳಗೆ ಬರುವ ದಾರಿಯನ್ನು ಹಿಂದಿನ ವಾರ ಗುಂಪಿಗೆ ಕೊಟ್ಟವನು ಬಾಗಲಕೋಟೆಯವನೇ.

"ಅವರಿಗೆ ಗೊತ್ತಾ?" ತಂಗಿ ಕೇಳಿದಳು.

"ಗೊತ್ತು ಕಣೇ. ಹೇಳಿದೀನಿ. ಟೆಸ್ಟ್ ಇದು. ನಿನಗೂ ಟೆಸ್ಟು, ಅವನಿಗೂ ಟೆಸ್ಟು."

ಅವಳು ಪ್ರೋಬ್ ಬಿಟ್ಟಳು. ಅವಳಿಗೆ ಸ್ಕ್ಯಾನ್ ಮಾಡಲು ಕಲಿಸಿದವನೂ ಅವನೇ. ಇಬ್ಬರೂ ಮುಖ ನೋಡಿರಲಿಲ್ಲ. ಆಟದೊಳಗಿನ ಮಾತುಕತೆಯಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ವಾರಗಟ್ಟಲೆ ಹೇಳಿಕೊಟ್ಟಿದ್ದ. ಎಲ್ಲರೂ ನಾಲ್ಕು ಪ್ರೋಬುಗಳನ್ನು ಚೌಕವಾಗಿ ಇಡುತ್ತಿದ್ದರು. ಅವನದೇ ಒಂದು ರೀತಿ ಇತ್ತು: ನಾಲ್ಕು ಸುತ್ತ, ಒಂದು ಕೆಳಗೆ, ಒಂದು ಮೇಲೆ, ಮೇಲಿನದು ಮಾತ್ರ ಸ್ವಲ್ಪ ಎತ್ತರದಲ್ಲಿ. ತೊಟ್ಟಿಲು ಕಟ್ಟಿದ ಹಾಗೆ ಅನ್ನುತ್ತಿದ್ದನಂತೆ. ಹಾಗೆ ಇಡುವವರು ಆಟದಲ್ಲಿ ಇಬ್ಬರೇ, ಅವನು ಮತ್ತು ಈ ಹುಡುಗಿ.

ಅವಳು ಒತ್ತಿದಳು. ಕೆಂಪು ಚುಕ್ಕೆ ಬಂತು. ತೊಟ್ಟಿಲನ್ನು ಸರಿಸಿ, ಕಿರಿದು ಮಾಡಿ, ಮತ್ತೆ ಒತ್ತಿದಳು. ಕೆಂಪೇ, ಆದರೆ ಜಾಗ ಬದಲಾಯಿತು. ಕೆಲಸ ಚೆನ್ನಾಗಿ ಮಾಡುತ್ತಿದ್ದಳು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡಿದ್ದಳು, ಲೆಕ್ಕ ಮಾಡುವ ಮಕ್ಕಳ ಹಾಗೆ. ಮೂರನೆಯ ಸಲಕ್ಕೆ ಹಳದಿ.

ಆಗ ಮೊಬೈಲು ಮತ್ತೆ ರಿಂಗಾಯಿತು. ಈ ಸಲ ನಿಲ್ಲಲಿಲ್ಲ. ಮಿಸ್ಡ್ ಕಾಲ್ ಅಲ್ಲ, ನಿಜವಾದ ಕರೆ. ಮನೆಯ ಮಗ ಸ್ಪೀಕರಿಗೆ ಹಾಕಿದ. ತುಟಿಗೆ ಬೆರಳಿಟ್ಟು ನಮ್ಮೆಲ್ಲರ ಕಡೆ ನೋಡಿದ.

"ಹಲೋ ಅಣ್ಣಾರ, ಕರೆಂಟ್ ಹೋತ್ರಿ ಇಲ್ಲಿ."

"ಗೊತ್ತಾಯ್ತು ಗುರು, ಮಿಸ್ಡ್ ಕಾಲ್ ಬಂತು. ಹೊರಟಿದೀವಿ. ಎಲ್ಲಿ ನಿಲ್ಸಿದೀಯ?"

"ಕೊನೀ ಗ್ರಹ ಐತಲ್ರೀ, ಅದರಾಚೆ. ಸೂರ್ಯನ ಕಡೆ ಬೆನ್ನು ಮಾಡಿ ನಿಲ್ಲಿಸೀನಿ. ಕಾವಲಿಗೆ ಅನುಕೂಲ ಆಗಲಿ ಅಂತ ಹೇಳಾಕ ಫೋನ್ ಮಾಡಿದೆ." ಅವನ ಹಿಂದೆ ರಸ್ತೆಯ ಸದ್ದು ಕೇಳುತ್ತಿತ್ತು, ಆಟೋ, ಯಾರದೋ ಹಾರ್ನು. ಸೆಂಟರಿನಿಂದ ಹೊರಗೆ ಬಂದು ನಿಂತಿದ್ದನೆಂದು ಕಾಣುತ್ತದೆ. "ಹೊಟ್ಟಿ ತುಂಬ ಮಾಲು ಐತ್ರಿ ಅದರಾಗ. ಯಾರರ ಬಂದಾರೇನ್ರಿ?"

"ಯಾರೂ ಇಲ್ಲ. ನಾವಿದೀವಲ್ಲ."

"ನೀವ ಅದೀರಿ ಅಂದ್ರ ನನಗ ಚಿಂತಿ ಇಲ್ರಿ."

ತಂಗಿಯ ಕೈ ಮೌಸಿನ ಮೇಲೆ ನಿಂತಿತು. ಅಣ್ಣನ ಮುಖ ನೋಡಿದಳು. ಅವಳಿಗೆ ಹೇಳಿದ್ದು ಸುಳ್ಳು ಎಂಬುದು ಅವಳಿಗೆ ಆಗ ತಿಳಿಯಿತು, ನನಗೂ ಆಗಲೇ ತಿಳಿದದ್ದು. ನಾನು "ಏಯ್, ಸಾಕು ಬಿಡ್ರೋ" ಎಂದೆ. ಜೋರಾಗಿಯೇ ಎಂದೆ. ಮನೆಯ ಮಗ ಮೊಬೈಲಿನ ಮೇಲೆ ಅಂಗೈ ಮುಚ್ಚಿ, "ಅಣ್ಣ, ಗೇಮು ಇದು. ಸುಮ್ನಿರಿ," ಎಂದ. ನಾನು ಮೊಬೈಲಿಗೆ ಕೈ ಚಾಚಿದೆ. ಅವನು ಅದನ್ನು ಎತ್ತಿ ತನ್ನ ತೊಡೆಯ ಆ ಕಡೆ ಇಟ್ಟುಕೊಂಡ.

"ಒಂದೇ ಒಂದು ಸಲ ಒತ್ತೇ," ಎಂದು ತಂಗಿಗೆ ಪಿಸುಗುಟ್ಟಿದ.

ಅವಳು ತಲೆಯಾಡಿಸಿದಳು, ಬೇಡವೆಂದು. ಅವನು ಬಗ್ಗಿ ಅವಳ ಕೀಬೋರ್ಡಿನ ಮೇಲೆ ಕೈ ಹಾಕಿದ. ಕೊನೆಯ ಸಲ ಸ್ಕ್ಯಾನ್ ಒತ್ತಿದ್ದು ಯಾರ ಬೆರಳು ಎಂದು ನನಗೆ ಕಾಣಲಿಲ್ಲ. ಇಬ್ಬರ ಕೈಯೂ ಅಲ್ಲೇ ಇತ್ತು. ಚುಕ್ಕೆ ಹಸಿರಾಯಿತು.

ಮನೆಯ ಮಗನ ಹಡಗು ಅಲ್ಲಿಗೆ ಹಾರಿ ಇಳಿಯಿತು. ಪರದೆಯ ಮೇಲೆ ಆ ಸಣ್ಣ ಹಡಗು ಕಂಡಿತು. ಹೇಳಿದ ಹಾಗೆಯೇ, ಕೊನೆಯ ಗ್ರಹದಾಚೆ, ಸೂರ್ಯನಿಗೆ ಬೆನ್ನು ಮಾಡಿ. ದೀಪಗಳು ಉರಿಯುತ್ತಿದ್ದವು. ಇವನು ಗುಂಡು ಹಾರಿಸಿದ. ಕಂಪ್ಯೂಟರಿನ ಸ್ಪೀಕರು ಜೋರಾಗಿತ್ತು.

"ಗುಂಡಿನ ಸಪ್ಪಳ ಕೇಳಾಕತ್ತೈತಲ್ರೀ ಅಣ್ಣಾರ?" ಎಂದಿತು ಮೊಬೈಲು.

ಮನೆಯ ಮಗ, "ನಾವೇ ಗುರು. ಯಾವನೋ ಬಂದ. ಹೊಡೀತಾ ಇದೀವಿ," ಎಂದ.

"ಹೊಡೀರಿ ಅಣ್ಣಾರ! ಬಿಡಬ್ಯಾಡ್ರಿ ಅವನ್ನ!" ಅವನು ನಡುರಸ್ತೆಯಲ್ಲಿ ಕೂಗುತ್ತಿದ್ದ. "ಹತ್ರ ಹೋಗಿ ಹೊಡೀರಿ. ಹೊಡೀರಿ!"

ಗೆಳೆಯ ದಿಂಬನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ. ಅವನ ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಮನೆಯ ಮಗ ನಗಲಿಲ್ಲ. ಹೇಳಿದ ಮಾತು ಕೇಳುತ್ತಿರುವವನ ಹಾಗೆ ತನ್ನ ಹಡಗನ್ನು ಇನ್ನಷ್ಟು ಹತ್ತಿರ ತಂದು ಹೊಡೆದ. ಸಣ್ಣ ಹಡಗು ಎರಡಾಗಿ ಒಡೆದು, ಒಂದು ಬಿಳಿ ಬೆಳಕಾಗಿ, ಆರಿತು.

"ಸಾರಿ ಗುರು," ಎಂದ ಮೊಬೈಲಿಗೆ, ಬಹಳ ಮೆತ್ತಗೆ. "ಉಳಿಸೋಕಾಗ್ಲಿಲ್ಲ."

ಆ ಕಡೆ ಆಟೋ ಒಂದು ಹಾದುಹೋಯಿತು. ಆಮೇಲೆ, "ನಿಮ್ಮ ಹಡಗಕ್ಕೇನೂ ಆಗಿಲ್ಲ ಹೌದಿಲ್ರೀ?"

"ಇಲ್ಲ. ನಮ್ದು ಸೇಫು."

"ಅಷ್ಟ ಸಾಕ್ರಿ. ನಾ ಬರ್ತೀನ್ರಿ ಅಲ್ಲಿಗೆ. ಇವತ್ತು ಹೆಂಗೂ ಬಾ ಅಂದಿದ್ರಲ್ಲ."

ಕರೆ ಕಡಿಯಿತು. ಗೆಳೆಯ ದಿಂಬು ತೆಗೆದು ಉಸಿರು ಎಳೆದುಕೊಂಡ. "ಹತ್ರ ಹೋಗಿ ಹೊಡೀರಿ ಅಂತೆ! ಮಗಾ, ನಂಗೆ ಪ್ರಾಣ ಹೋಗ್ತಾ ಇತ್ತು." ತಂಗಿ ಪರದೆ ನೋಡುತ್ತಾ ಕೂತಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ನಾನು ಮನೆಯ ಮಗನನ್ನು ಕೇಳಿದೆ. ಅವನು ಯೋಚಿಸಿಯೇ ಉತ್ತರ ಕೊಟ್ಟ. ಕೋಪವಿಲ್ಲ, ಜಗಳವಿಲ್ಲ. "ಹೇಗಿರತ್ತೆ ನೋಡೋಣ ಅನ್ನಿಸ್ತು ಅಣ್ಣ. ಅವನು ಅಷ್ಟು ನಂಬ್ತಾನಲ್ಲ, ಅದಕ್ಕೆ." ಇದರ ಹಿಂದೆ ಬೇರೆ ಕಾರಣ ಇರಬಹುದೆಂದು ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ.

ಬಾಗಲಕೋಟೆಯವನು ಸೈಕಲ್ಲಿನಲ್ಲಿ ಬಂದ. ಗೇಟಿನ ಹತ್ತಿರ ಬೆಲ್ಲು ಕೇಳಿತು. ಮನೆಯ ಮಗನ ತಾಯಿ ಕೆಳಗಿಳಿದು ಹೋಗಿ, "ಮೇಲೆ ಬಾರಪ್ಪ, ಹುಡುಗ್ರೆಲ್ಲ ಅಲ್ಲೇ ಇದಾರೆ. ಯಾವೂರು ನಿಂದು?" ಎಂದು ಕೇಳುತ್ತಾ ಕರೆದುಕೊಂಡು ಬಂದರು. ಅವರು ದಾವಣಗೆರೆ ಕಡೆಯವರು. ಅವನ ಮಾತು ಕೇಳಿ ಮುಖ ಅರಳಿತ್ತು. ಚಹಾ ತರುತ್ತೇನೆಂದು ಅಡುಗೆಮನೆಗೆ ಹೋದರು. ಅವನು ಚಪ್ಪಲಿಯನ್ನು ಕೆಳಗೇ ಬಿಟ್ಟು ಬಂದಿದ್ದ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ತಲೆಗೆ ನೀರು ಹಾಕಿ ಬಾಚಿದ ಗುರುತಿತ್ತು. ಹೊಸ್ತಿಲ ಆಚೆ ನಿಂತ. ಒಳಗೆ ಬಾ ಎಂದು ಹೇಳುವವರೆಗೂ ಬರಲಿಲ್ಲ. ಹೇಳಿದ್ದು ನಾನು.

"ತಪ್ಪು ನಂದೈತ್ರಿ ಅಣ್ಣಾರ," ಎಂದ, ನಿಂತೇ. "ಕರೆಂಟ್ ಹೋಗೂದು ಗೊತ್ತಿತ್ತು. ಮೊದಲ ಹೊರಗ ಬರಬೇಕಿತ್ತು. ಬಾಯಿ ಕಾಯಾಕ ಯಾರೂ ಇಲ್ಲಂದ್ರ ಹೆಂಗ ಅಂತ ಕುಂತೆ. ಎಲ್ಲಾರ ಮಾಲೂ ಹೋತು."

"ಪರವಾಗಿಲ್ಲ ಗುರು," ಎಂದ ಮನೆಯ ಮಗ. "ನಿಮ್ ಕಡೆಯವರು ಅಷ್ಟೇ, ಭಾಳ ನಿಧಾನ."

"ಹೌದ್ರಿ," ಎಂದು ಅವನು ನಕ್ಕ.

ಆಮೇಲೆ ಅವನ ಕಣ್ಣು ನಡುವಿನ ಪರದೆಯ ಮೇಲೆ ಹೋಯಿತು. ಯಾರೂ ಅದನ್ನು ಆರಿಸಿರಲಿಲ್ಲ. ತಂಗಿಯ ಪ್ರೋಬುಗಳು ಕತ್ತಲಲ್ಲಿ ಇನ್ನೂ ಅಲ್ಲೇ ತೇಲುತ್ತಿದ್ದವು. ನಾಲ್ಕು ಸುತ್ತ, ಒಂದು ಕೆಳಗೆ, ಒಂದು ಮೇಲೆ. ನಡುವೆ ಹಸಿರು ಚುಕ್ಕೆ. ಅವನು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ನಾನು ಅವನ ಮುಖವನ್ನು ಪಕ್ಕದಿಂದ ನೋಡುತ್ತಿದ್ದೆ. ಅವನಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲು ಆ ಗುರುತು ಹತ್ತಿದ ಸಂತೋಷ ಬಂತು, ಬಾಯಿ ಸ್ವಲ್ಪ ತೆರೆಯಿತು. ಸಂತೋಷ ಎಂದೇ ಹೇಳಬೇಕು, ಬೇರೆ ಮಾತಿಲ್ಲ. ಆಮೇಲೆ ಅದು ಹೋಯಿತು.

ತಂಗಿ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದಳು.

"ನೀವೇನ್ರಿ ತಂಗ್ಯಾರ?" ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಪರದೆಯ ಮೇಲೆ ಬೆರಳಿಟ್ಟ, ಮೇಲಿನ ಪ್ರೋಬಿನ ಹತ್ತಿರ, ಗಾಜಿಗೆ ತಾಗದ ಹಾಗೆ. "ಇದನ್ನ ಇನ್ನೊಂಚೂರು ಕೆಳಗ ತರಬೇಕಿತ್ರಿ. ತಂದಿದ್ರ ಇನ್ನೂ ಲಗೂ ಸಿಗ್ತಿದ್ದೆ."

ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಕಲಿಸುವವನ ದನಿ ಅದು. ಅವಳು ಅಳಲು ಶುರು ಮಾಡಿದಳು. ಎದ್ದು ನನ್ನ ಪಕ್ಕದಿಂದ ಹಾದು ಹೊರಗೆ ಹೋಗಲು ನೋಡಿದಳು. ಅಷ್ಟರಲ್ಲಿ ತಾಯಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರಿಂದ ಮಂಚದ ಮೂಲೆಯಲ್ಲಿ ಮುಖ ತಿರುಗಿಸಿ ಕೂತಳು. ತಾಯಿ ಎಲ್ಲರಿಗೂ ಚಹಾ ಕೊಟ್ಟರು. "ನಿಂತೇ ಇದೀಯಲ್ಲಪ್ಪ, ಕೂತ್ಕೋ," ಎಂದು ಅವನಿಗೆ ಹೇಳಿ ಹೋದರು.

"ಕೂತ್ಕೋ ಗುರು," ಎಂದ ಮನೆಯ ಮಗ, ಮೂರನೆಯ ಕುರ್ಚಿಯನ್ನು ಕಾಲಿನಿಂದ ಹೊರಳಿಸಿ. "ಟೆಸ್ಟ್ ಇತ್ತು. ಪಾಸಾದೆ. ಚೇರ್ ನಿಂದೇ ಕಣೋ, ಮಾತು ಅಂದ್ರೆ ಮಾತು. ಒಂದು ಕೆಲಸ ಮಾಡಬೇಕು ಅಷ್ಟೇ. ನಾಲ್ಕು ಗಂಟೆಗೆ ಕೆಂಗೇರಿ ಕಡೆ ಕರೆಂಟ್ ಹೋಗತ್ತೆ."

ಕೆಂಗೇರಿಯಲ್ಲಿ ಗುಂಪಿನ ಇನ್ನೊಬ್ಬನಿದ್ದ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಅಂಗಡಿಯ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಆಟ. ಅವನೂ ಬೇರೊಂದು ಗುಪ್ತ ಮಂಡಲವನ್ನು ಇವರಿಗಾಗಿ ಕಾಯುತ್ತಿದ್ದ. ಬಾಗಲಕೋಟೆಯವನು ಆಟಕ್ಕೆ ಹೊಸಬನಾಗಿದ್ದಾಗ ಮೊದಲ ಪ್ರೋಬುಗಳನ್ನು ಅವನಿಗೆ ಕೊಟ್ಟದ್ದು ಈ ಕೆಂಗೇರಿಯವನು. ಇದನ್ನು ನಾನು ಬಾಗಲಕೋಟೆಯವನ ಬಾಯಲ್ಲೇ ಕೇಳಿದ್ದೆ.

"ಅವನಿಗ್ಯಾಕ್ರಿ?"

"ಅವನಿಗೂ ಇದೇ ಚೇರ್ ಹೇಳಿದೀವಿ ಮಗಾ," ಎಂದು ಗೆಳೆಯ ಮಂಚದಿಂದ ಕೂಗಿ ನಕ್ಕ. "ಒಂದು ಚೇರು, ಇಬ್ಬರು. ಏನ್ ಮಾಡ್ತೀಯ?"

ನಾನು ಬಾಗಲಕೋಟೆಯವನ ಮೊಳಕೈ ಹಿಡಿದು, "ನಡಿ, ಕೆಳಗೆ ನಮ್ಮನೆಗೆ ಹೋಗೋಣ," ಎಂದೆ. ಅವನು ನನ್ನ ಕಡೆ ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ. "ಬರ್ತೀನ್ರಿ ಸರ್, ಆಮ್ಯಾಲ," ಎಂದ. ಕೈಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು, ಲೋಟವನ್ನು ಎಲ್ಲಿ ಇಡುವುದೆಂದು ಸುತ್ತ ನೋಡಿ, ಬೀರುವಿನ ಪಕ್ಕ ಗೋಡೆಗೆ ಒತ್ತಿ ನೆಲದ ಮೇಲೆ ಇಟ್ಟ. ಆಮೇಲೆ ಕುರ್ಚಿಯ ಬೆನ್ನು ಹಿಡಿದು, ಅದು ಹಿಂದೆ ಉರುಳದ ಹಾಗೆ, ನಿಧಾನವಾಗಿ ಕೂತ.

ನಾಲ್ಕು ಗಂಟೆಯವರೆಗೆ ಅವರು ಮಾತಾಡಿಕೊಂಡೇ ಇದ್ದರು. ಅವನ ಊರಿನ ಬಿಸಿಲಿನ ಬಗ್ಗೆ, ಕೊರಿಯರ್ ಕೆಲಸದ ಬಗ್ಗೆ. ಯಾವ ಬೀದಿಯಲ್ಲಿ ನಾಯಿ ಜಾಸ್ತಿ ಎಂದು ಗೆಳೆಯ ಕೇಳಿದರೆ ಅವನು ವಿವರವಾಗಿ ಹೇಳಿದ. ಅವನ ಕುರ್ಚಿಯನ್ನು ನಡುವಿನ ಕಂಪ್ಯೂಟರಿನ ಕಡೆ ತಿರುಗಿಸಿ, ಅದರಲ್ಲಿದ್ದ ಪ್ರೋಬಿನ ಹಡಗನ್ನೇ ಅವನಿಗೆ ತೆರೆದುಕೊಟ್ಟರು. ಮನೆಯ ಮಗನ ಯುದ್ಧದ ಹಡಗಿನ ಜೊತೆ ಅದು ಕೆಂಗೇರಿಯವನ ಮಂಡಲಕ್ಕೆ ಹೋಗಿ ಸೇರಿತು. ನಾನು ಹೋಗಲಿಲ್ಲ. ಕೊನೆಯ ಹೊತ್ತಿಗಾದರೂ ಅವನು ಎದ್ದುಬಿಡುತ್ತಾನೆ ಎಂದುಕೊಂಡು ನಿಂತಿದ್ದೆ.

ಮೊಬೈಲು ಒಂದು ಸಲ ನಡುಗಿ ನಿಂತಿತು.

ಬಾಗಲಕೋಟೆಯವನು ಪ್ರೋಬ್ ಬಿಟ್ಟ. ಅವನು ಸ್ಕ್ಯಾನ್ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಎಲ್ಲ ಪ್ರೋಬುಗಳೂ ಒಂದೇ ಕೈಬೀಸಿಗೆ ತಮ್ಮ ಜಾಗಕ್ಕೆ ಹೋಗಿ ನಿಂತವು. ಒತ್ತಿದ. ಕೆಂಪು ಬರಲೇ ಇಲ್ಲ. ನೇರ ಹಳದಿ. ಕೆಂಗೇರಿಯವನು ಹಡಗನ್ನು ಎಲ್ಲಿ ಅಡಗಿಸಿಡುತ್ತಾನೆ ಎಂಬುದು ಅವನಿಗೆ ಅರ್ಧ ಗೊತ್ತಿತ್ತು. ತಿಂಗಳುಗಟ್ಟಲೆ ಕಾವಲು ನಿಂತವನಲ್ಲವೇ.

ಅಷ್ಟರಲ್ಲಿ ಮೊಬೈಲು ರಿಂಗಾಯಿತು. ಕೆಂಗೇರಿಯವನೂ ನಿಜವಾದ ಕರೆಯನ್ನೇ ಮಾಡಿದ್ದ. ಮನೆಯ ಮಗ ಸ್ಪೀಕರಿಗೆ ಹಾಕಿ, ಮೊಬೈಲನ್ನು ಬಾಗಲಕೋಟೆಯವನ ಮುಂದೆ ಸರಿಸಿದ. ಮಾತಾಡು ಎಂದು ಗಲ್ಲ ಎತ್ತಿ ಸನ್ನೆ ಮಾಡಿದ.

"ಹಲೋ ಬಾಸ್? ಕರೆಂಟ್ ಹೋಯ್ತು. ಯಾರಾದ್ರೂ ಇದೀರಾ ಅಲ್ಲಿ?"

"ಅದೀವ್ರಿ," ಎಂದ ಬಾಗಲಕೋಟೆಯವನು.

"ಓ, ನೀವಾ! ನೀವು ಬಸವೇಶ್ವರನಗರದಲ್ಲಿದೀರಾ? ಕರ್ಸ್ಕೊಂಡ್ರಾ ನಿಮ್ಮನ್ನ?" ಅವನಿಗೆ ಸಂತೋಷವಾಗಿದ್ದು ದನಿಯಲ್ಲಿ ತಿಳಿಯುತ್ತಿತ್ತು. "ಒಳ್ಳೇದಾಯ್ತು ಬಿಡಿ. ನೀವಿದೀರ ಅಂದ್ರೆ ನಾನು ಅಂಗಡಿ ಕೆಲ್ಸ ನೋಡ್ಕೋತೀನಿ. ನನ್ ಹಡಗು ಸ್ವಲ್ಪ ನೋಡ್ಕೊಳಿ."

ಬಾಗಲಕೋಟೆಯವನು ಮೇಲಿನ ಪ್ರೋಬನ್ನು ಒಂಚೂರು ಕೆಳಗೆ ತಂದ. ಮಂಚದ ಮೂಲೆಯಿಂದ ತಂಗಿ, "ಬೇಡ ಅಣ್ಣ," ಎಂದಳು. ಅದು ಅವನಿಗೆ ಹೇಳಿದ್ದು, ತನ್ನ ಅಣ್ಣನಿಗಲ್ಲ. ಅವಳು ಹೇಳಿದ್ದು ಅವನಿಗೆ ಕೇಳಿಸಿತು ಎಂದು ನಾನು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅವನ ಕೈ ನಿಂತಿತು. ಮೊಬೈಲನ್ನು ನೋಡಿದ. ಕೂತಿದ್ದ ಕುರ್ಚಿಯ ಕೈಗಳನ್ನು ಒಂದು ಸಲ ನೋಡಿದ.

"ನೋಡ್ಕೋತೀವ್ರಿ," ಎಂದ. "ಚಿಂತಿ ಮಾಡಬ್ಯಾಡ್ರಿ ನೀವು."

ಒತ್ತಿದ. ಹಸಿರಾಯಿತು. ಮನೆಯ ಮಗ "ಸೂಪರ್ ಗುರು" ಎಂದು ಅವನ ಬೆನ್ನು ತಟ್ಟಿ, ಹಾರಿ ಹೋಗಿ ಹೊಡೆದ. ಆ ಕಡೆಯಿಂದ ಅಷ್ಟರಲ್ಲಿ ಕರೆ ಕಡಿದಿತ್ತು. ಗೆಳೆಯ ಈ ಸಲ ದಿಂಬಿಲ್ಲದೆ ನಕ್ಕ. ಹಡಗು ಒಡೆದ ಬೆಳಕು ಪರದೆಯಿಂದ ಬಾಗಲಕೋಟೆಯವನ ಮುಖದ ಮೇಲೆ ಬಿದ್ದಾಗ ಅವನೂ ನಗುತ್ತಿದ್ದ, ಅವರ ಹಾಗೆಯೇ, ಸ್ವಲ್ಪ ತಡವಾಗಿ.

ನಾನು ನನ್ನ ವೈರಿನ ತುದಿಯನ್ನು ಎತ್ತಿಕೊಳ್ಳದೆ ಕೆಳಗಿಳಿದು ಬಂದೆ. ಅವನು ಆಮೇಲೆ ನಮ್ಮನೆಗೆ ಬರಲಿಲ್ಲ. ಆ ಬೇಸಿಗೆಯ ಉಳಿದ ಶನಿವಾರಗಳಲ್ಲಿ ಅವನ ಸೈಕಲ್ಲು ಗೇಟಿನ ಒಳಗೆ ನಿಂತಿರುತ್ತಿತ್ತು. ನಾನು ಬಾಗಿಲಲ್ಲಿದ್ದರೆ ನಮಸ್ಕಾರ ಮಾಡಿ ಮೇಲೆ ಹೋಗುತ್ತಿದ್ದ. ತಂಗಿ ಆ ಕೋಣೆಗೆ ಹೋಗುವುದನ್ನು ಬಿಟ್ಟಳು. ಮಳೆಗಾಲದ ಮೊದಲು ನಾನು ಮನೆ ಬದಲಾಯಿಸಿದೆ.

ಇದನ್ನು ಹೇಳಿದಾಗಲೆಲ್ಲ ಕೇಳಿದವರು, ಅಯ್ಯೋ, ಆಟ ತಾನೇ, ಯಾರಿಗೇನಾಯಿತು ಎಂದಿದ್ದಾರೆ. ಯಾರಿಗೂ ಗಾಯವಾಗಲಿಲ್ಲ, ಅದು ನಿಜ. ನಾನು ಕಂಡದ್ದನ್ನಷ್ಟೇ ಹೇಳಿದ್ದೇನೆ.

ಆ ಕೋಣೆಯಲ್ಲಿ ಅಂದು ನೋಡಿದವರು, ನನ್ನನ್ನೂ ಸೇರಿಸಿ, ಐವರು. ಮಂಚದ ಮೇಲಿದ್ದ ಗೆಳೆಯ ಕಾಮಾಲೆಯಾಗಿ ತೀರಿಕೊಂಡ. ತಾಯಿಯೂ ಈಗಿಲ್ಲ, ಅವರು ಚಹಾ ಕೊಟ್ಟು ಹೋದರೇ ಹೊರತು ಪರದೆಯ ಕಡೆ ನೋಡಲಿಲ್ಲ, ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮನೆಯ ಮಗ ಬದುಕಿದ್ದಾನೆ, ಅದೇ ಮನೆಯಲ್ಲಿ, ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಅವನ ತಂಗಿ ನಾಗರಬಾವಿಯಲ್ಲಿದ್ದಾಳೆ; ಅವಳಿಗೆ ನೆನಪಿದೆ, ಆದರೆ ಕೊನೆಯ ಸಲ ಒತ್ತಿದ್ದು ತನ್ನ ಬೆರಳೇ ಎನ್ನುತ್ತಾಳೆ. ಅದನ್ನು ನಾನು ಹೌದು ಎಂದೂ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಬಾಗಲಕೋಟೆಯವನು ಇದ್ದಾನೆ, ಮೂಡಲಪಾಳ್ಯದಲ್ಲೇ, ಮನೆ ಮಾಡಿಕೊಂಡು. ಕೆಂಗೇರಿಯವನೂ ಇದ್ದಾನೆ, ಆದರೆ ಅವನು ನೋಡಿದವನಲ್ಲ.